ಗೆದ್ದಲಿನ ಸಮಾಧಿ

ಗೆದ್ದಲಿಗೂ ಸಮಾಧಿ ಕಟ್ಟಿದವರಿದ್ದಾರೆ ಎಂದರೆ ನಮ್ಮ ಮಲೆನಾಡಿನಲ್ಲಿ ಯಾರೂ ನಂಬಲಿಕ್ಕಿಲ್ಲ. ನಾನೂ ನಂಬುತ್ತಿರಲಿಲ್ಲ. ಅಜ್ಜನ ತಾಳೆಗರಿ, ಅಪ್ಪನ ಲೆಕ್ಕದ ಪುಸ್ತಕ, ಅಟ್ಟದ ಹಲಗೆ, ಬಾಗಿಲಿನ ದಾರಂದ ಎಲ್ಲವನ್ನೂ ತಿಂದು ಹುಡಿ ಮಾಡಿದ ಆ ಜೀವಿಗೆ ನಮ್ಮ ಮನೆಯಲ್ಲಿ ಸಿಕ್ಕಿದ್ದು ಮೊದಲು ಸೀಮೆಎಣ್ಣೆ, ಆಮೇಲೆ ಪೇಟೆಯಿಂದ ತಂದ ಔಷಧಿ. ಅದರ ಆತ್ಮಕ್ಕೆ ಶಾಂತಿ ಕೋರಿ ನೆಟ್ಟ ಕಲ್ಲನ್ನು ನಾನು ಕಂಡದ್ದು ಜಪಾನಿನ ಕೋಯಾಸಾನ್ ಎಂಬ ಬೆಟ್ಟದ ಊರಿನಲ್ಲಿ. ಕಂಡೊಡನೆ ನಕ್ಕೆ. ಆ ನಗು ರಾತ್ರಿಯವರೆಗೂ ಉಳಿಯಲಿಲ್ಲ. ಯಾಕೆ ಉಳಿಯಲಿಲ್ಲ ಎಂಬುದನ್ನು ನನಗೆ ನಾನೇ ಹೇಳಿಕೊಳ್ಳಬೇಕಾಗಿದೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮಗಳು ಒಸಾಕಾದಲ್ಲಿ ಕೆಲಸಕ್ಕಿದ್ದಾಳೆ. ನಿವೃತ್ತನಾದ ಮೇಲೆ ಅವಳ ಒತ್ತಾಯಕ್ಕೆ ಹೋದವನು ಎರಡು ವಾರ ಆ ಮಹಾನಗರದ ದೀಪ, ಜನ, ರೈಲುಗಳನ್ನು ನೋಡಿ ದಣಿದಿದ್ದೆ. "ಅಪ್ಪ, ನಿನಗೆ ಸರಿಹೋಗೋ ಊರು ಒಂದಿದೆ. ಅಲ್ಲಿ ಊಟಕ್ಕೆ ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ" ಎಂದು ಹೊರಡಿಸಿದಳು. ಒಸಾಕಾದ ನಾಂಬಾ ನಿಲ್ದಾಣದಲ್ಲಿ ಹತ್ತಿದ ರೈಲು ಬಯಲು ದಾಟಿ, ಕಣಿವೆ ಹೊಕ್ಕು, ಸುರಂಗದಿಂದ ಸುರಂಗಕ್ಕೆ ನುಸುಳುತ್ತ ಗೊಕುರಾಕುಬಾಶಿ ಎಂಬಲ್ಲಿ ನಿಂತುಬಿಡುತ್ತದೆ. ಸುಖಾವತಿಯ ಸೇತುವೆ ಎಂದು ಆ ಹೆಸರಿನ ಅರ್ಥವಂತೆ. ಮುಂದೆ ಹಗ್ಗ ಕಟ್ಟಿ ಎಳೆಯುವ ಪುಟ್ಟ ಗಾಡಿ. ಐದು ನಿಮಿಷ, ಗೋಡೆಯಂಥ ಗುಡ್ಡ. ಮೇಲೆ ಬಸ್ಸು. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲೆ, ಶಿಖರಗಳ ನಡುವೆ ಬೋಗುಣಿಯ ಹಾಗೆ ಕೂತ ಊರು. ಸುತ್ತಲಿನ ಎಂಟು ಶಿಖರಗಳನ್ನು ತಾವರೆಯ ಎಂಟು ದಳ ಎನ್ನುತ್ತಾರೆ. ಇರುವ ಜನ ಮೂರು ಸಾವಿರದ ಆಸುಪಾಸು, ದೇವಾಲಯಗಳು 117. ಅವುಗಳಲ್ಲಿ ಐವತ್ತರಷ್ಟು ಯಾತ್ರಿಕರಿಗೆ ಇಳಿದುಕೊಳ್ಳಲು ಕೋಣೆ ಕೊಡುತ್ತವೆ. ಅಂಗಡಿ ಬೀದಿ, ಶಾಲೆ, ಅಂಚೆ ಕಚೇರಿ ಎಲ್ಲ ಇವೆ. ಆದರೂ ಸಂಜೆ ಐದಕ್ಕೆ ಊರು ಬಾಗಿಲು ಹಾಕಿಕೊಂಡಂತೆ ಸುಮ್ಮನಾಗುತ್ತದೆ.

ಊರನ್ನು ಸ್ಥಾಪಿಸಿದವನು ಕೂಕಾಯ್. ಜನ ಭಕ್ತಿಯಿಂದ ಕರೆಯುವುದು ಕೋಬೋ ದಾಯ್ಶಿ ಎಂದು. 804ರಲ್ಲಿ ಹಡಗು ಹತ್ತಿ ಚೀನಾಕ್ಕೆ ಹೋದ. ಅಲ್ಲಿಯ ರಾಜಧಾನಿ ಚಾಂಗಾನ್‌ನಲ್ಲಿ ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನ ಬಳಿ ಸಂಸ್ಕೃತ ಕಲಿತ. ಹುಯಿಗುವೊ ಎಂಬ ಚೀನೀ ಗುರುವಿನಿಂದ ತಂತ್ರಮಾರ್ಗದ ದೀಕ್ಷೆ ಪಡೆದ. ಹಿಂದಿರುಗಿ ಕಟ್ಟಿದ ಪಂಥಕ್ಕೆ ಶಿಂಗೊನ್ ಎಂದು ಹೆಸರು. ಮಂತ್ರ ಎಂದೇ ಅದರ ಅರ್ಥ. 816ರಲ್ಲಿ ಚಕ್ರವರ್ತಿ ಈ ಬೆಟ್ಟವನ್ನು ಅವನಿಗೆ ಬಿಟ್ಟುಕೊಟ್ಟ. ಆದರೆ ಸ್ಥಳಪುರಾಣ ಹೇಳುವ ಮಾತು ಬೇರೆ. ಕರಿಯ ಬಿಳಿಯ ಎರಡು ನಾಯಿಗಳೊಂದಿಗೆ ಬಂದ ಬೇಟೆಗಾರನೊಬ್ಬ ಅವನಿಗೆ ದಾರಿ ತೋರಿದನಂತೆ; ಬೆಟ್ಟದ ಒಡತಿಯಾದ ನಿಯು ಎಂಬ ದೇವಿ ನೆಲ ಕೊಡಲು ಒಪ್ಪಿದಳಂತೆ. ಬುದ್ಧನ ದೊಡ್ಡ ಗುಡಿಗಳು ಏಳುವ ಮೊದಲು ಕೂಕಾಯ್ ಮಾಡಿದ ಕೆಲಸವೆಂದರೆ ಆ ದೇವಿಗೂ ಆ ಬೇಟೆಗಾರ ದೇವರಿಗೂ ಗುಡಿ ಕಟ್ಟಿಸಿದ್ದು. ಇಂದಿಗೂ ಮರಗಳ ನಡುವೆ ಕೆಂಪು ಬಣ್ಣದ ಆ ಗುಡಿಗಳಿವೆ. ಭಿಕ್ಷುಗಳು ಹೋಗಿ ಕೈಮುಗಿಯುತ್ತಾರೆ. ಚಕ್ರವರ್ತಿಯ ಪತ್ರ ಕೈಯಲ್ಲಿದ್ದರೂ ಜಾಗದ ಒಡತಿಯನ್ನು ಕೇಳಿಕೊಂಡ ಎಂಬ ಈ ಕಥೆಯನ್ನು ಮಗಳು ಹೇಳಿದಾಗ ನಾನು ತಲೆದೂಗಿದೆ. ಅದು ನನಗೂ ತಗಲುವ ಮಾತು ಎಂದು ಆಗ ಹೊಳೆಯಲಿಲ್ಲ.

ಮಧ್ಯಾಹ್ನ ಒಕುನೊಯಿನ್ ಎಂಬ ಕಾಡಿಗೆ ಹೋದೆವು. ಕಾಡು ಎನ್ನಬೇಕೋ ಸ್ಮಶಾನ ಎನ್ನಬೇಕೋ ತಿಳಿಯದು. ಎರಡು ಕಿಲೋಮೀಟರ್ ಉದ್ದದ ಕಲ್ಲುಹಾಸಿನ ದಾರಿ, ಎರಡೂ ಕಡೆ ಆಕಾಶ ಮುಚ್ಚುವ ಸುಗಿ ಮರಗಳು, ಅವುಗಳ ಬುಡದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸ್ಮಾರಕ ಕಲ್ಲುಗಳು. ದಾರಿಯ ಕೊನೆಯಲ್ಲಿ ಕೂಕಾಯ್‌ನ ಗದ್ದುಗೆ. ಅವನು 835ರಲ್ಲಿ ಸತ್ತನೆಂದು ಇಲ್ಲಿ ಯಾರೂ ಹೇಳುವುದಿಲ್ಲ, ಧ್ಯಾನಕ್ಕೆ ಕುಳಿತಿದ್ದಾನೆ ಎನ್ನುತ್ತಾರೆ. ದಿನಕ್ಕೆರಡು ಸಲ ಅವನಿಗೆ ಊಟ ಒಯ್ಯುತ್ತಾರೆ. ಅವನ ಹತ್ತಿರ ತಮ್ಮದೊಂದು ಕಲ್ಲಿರಲಿ ಎಂದು ಜಪಾನಿನ ದೊರೆಗಳೂ ದಳಪತಿಗಳೂ ಶತಮಾನಗಳ ಕಾಲ ಹಂಬಲಿಸಿದ್ದರ ಫಲ ಈ ಕಲ್ಲಿನ ಕಾಡು. ಹೆಚ್ಚಿನವು ಐದು ತುಂಡುಗಳ ಕಂಬಗಳು: ಕೆಳಗೆ ಚೌಕ, ಅದರ ಮೇಲೆ ಗುಂಡು, ಮೇಲೆ ಮಾಡಿನಾಕಾರ, ಅರ್ಧಚಂದ್ರ, ತುದಿಯಲ್ಲಿ ಮೊಗ್ಗು. ಪೃಥ್ವಿ, ಅಪ್ಪು, ತೇಜ, ವಾಯು, ಆಕಾಶ. ಒಂದೊಂದರ ಮೇಲೂ ಸಿದ್ಧಂ ಲಿಪಿಯ ಒಂದೊಂದು ಬೀಜಾಕ್ಷರ. ಮನೆಯಿಂದ ಇಷ್ಟು ದೂರ ಬಂದು ಪಾಚಿ ಹಿಡಿದ ಪಂಚಭೂತಗಳನ್ನು ಕಂಡಾಗ ಪರಿಚಯದವರು ಸಿಕ್ಕಂತಾಯಿತು.

ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಇಲ್ಲಿ ನೆರೆಹೊರೆ. ಕವಾನಾಕಾಜಿಮಾದ ಬಯಲಿನಲ್ಲಿ 1553ರಿಂದ 1564ರ ನಡುವೆ ಐದು ಸಲ ಎದುರುಬದುರಾದ ಟಕೇಡಾ ಶಿಂಗೆನ್ ಮತ್ತು ಉಯೆಸುಗಿ ಕೆನ್‌ಶಿನ್ ಒಂದೇ ದಾರಿಯ ಆಚೆ ಈಚೆ. ಓಡಾ ನೊಬುನಾಗಾ ಇದ್ದಾನೆ. 1582ರಲ್ಲಿ ದ್ರೋಹ ಬಗೆದು ಅವನನ್ನು ಸಾವಿಗೆ ತಳ್ಳಿದ ಅಕೆಚಿ ಮಿತ್ಸುಹಿಡೆಯೂ ಇದ್ದಾನೆ. ನೊಬುನಾಗಾ ಈ ಬೆಟ್ಟಕ್ಕೇ ದಂಡು ಕಳಿಸಿದವನು. 1581ರಲ್ಲಿ ನೂರಾರು ಕೋಯಾ ಸನ್ಯಾಸಿಗಳ ತಲೆ ತೆಗೆಸಿದವನು. ಬೆಟ್ಟ ಅವನಿಗೂ ಜಾಗ ಕೊಟ್ಟಿದೆ.

ಗದ್ದುಗೆ ಹತ್ತಿರವಾಗುತ್ತಿದ್ದಂತೆ ಮಗಳು ಒಂದು ಕಲ್ಲಿನ ಮುಂದೆ ನಿಲ್ಲಿಸಿದಳು. ದಕ್ಷಿಣ ಜಪಾನಿನ ಸಾತ್ಸುಮಾ ಸಂಸ್ಥಾನದ ಶಿಮಾಜು ಯೋಶಿಹಿರೊ ಮಗನೊಡನೆ ಸೇರಿ 1599ರಲ್ಲಿ ನಿಲ್ಲಿಸಿದ್ದು. ಟೊಯೊಟೊಮಿ ಹಿಡೆಯೋಶಿ 1592ರಲ್ಲಿ ಕೊರಿಯಾದ ಮೇಲೆ ದಂಡೆತ್ತಿದ; ಆರು ವರ್ಷದಲ್ಲಿ ಆ ದೇಶ ಹಾಳು ಸುರಿಯಿತು. ಕೊಂದ ಲೆಕ್ಕಕ್ಕೆ ಸಾಕ್ಷಿಯಾಗಿ ಮೂಗುಗಳನ್ನು ಕೊಯ್ದು ಉಪ್ಪಿನಲ್ಲಿಟ್ಟು ಕಳಿಸಿದ ಯುದ್ಧ ಅದು. ಅವುಗಳನ್ನು ಹೂತ ದಿಬ್ಬ ಕ್ಯೋಟೋದಲ್ಲಿ ಈಗಲೂ ಇದೆ. ಆ ಯುದ್ಧದಲ್ಲಿ ಮುಂದೆ ನಿಂತು ಕಾದಿದ ಶಿಮಾಜು ಮರಳಿದ ಮರುವರ್ಷವೇ ಇಲ್ಲಿ ಕಲ್ಲು ನೆಡಿಸಿದ: ನಮ್ಮವರಿರಲಿ, ಶತ್ರುಗಳಿರಲಿ, ಸತ್ತವರೆಲ್ಲರೂ ಬುದ್ಧನ ದಾರಿಗೆ ಸೇರಲಿ ಎಂದು. ನನ್ನ ಕಣ್ಣು ಒದ್ದೆಯಾಯಿತು. ಶತ್ರುವಿನ ಹೆಣಕ್ಕೂ ನೀರು ಬಿಡುವ ದೊಡ್ಡತನ ಎಲ್ಲರಿಗೆ ಬರುತ್ತದೆ! ಹಾಗೆಂದೆ. "ಪೂರ್ತಿ ಕೇಳು" ಎಂದಳು ಮಗಳು. ಸಾಚೊನ್ ಎಂಬಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಮಿಂಗ್ ಸೈನಿಕರನ್ನು ಕೆಡವಿದೆವು ಎಂಬ ಲೆಕ್ಕವೂ ಅದೇ ಕಲ್ಲಿನ ಮೇಲಿದೆಯಂತೆ. ಪ್ರಾರ್ಥನೆಯೂ ಅಲ್ಲೇ, ಜಂಬವೂ ಅಲ್ಲೇ.

ಮುಂದೆ ಹೊಳೆಯ ದಂಡೆಯಲ್ಲಿ ಕಂಚಿನ ಬೋಧಿಸತ್ತ್ವರ ಸಾಲು. ಸತ್ತವರ ಹೆಸರು ನೆನೆದು ಅವರ ಮೇಲೆ ನೀರು ಸುರಿಯುವುದು ವಾಡಿಕೆ. ನಾನು ಅಪ್ಪ, ಅಮ್ಮನ ಹೆಸರಿನಲ್ಲಿ ಸುರಿದೆ. ಸೌಟು ಕೆಳಗಿಡುವಷ್ಟರಲ್ಲಿ ಮಗಳು, "ಚಿಕ್ಕಪ್ಪನಿಗೆ?" ಎಂದಳು. ಹೌದಲ್ಲ ಎಂದು ತಮ್ಮನಿಗೂ ಸುರಿದೆ, ಸ್ವಲ್ಪ ಧಾರಾಳವಾಗಿಯೇ. ಸೇತುವೆ ದಾಟಿ, ಸಾವಿರಾರು ದೀಪಗಳ ಮನೆ ನೋಡಿ, ಗದ್ದುಗೆಗೆ ಕೈಮುಗಿದು ಮರಳುವಾಗ ಬೇರೆ ದಾರಿ ಹಿಡಿದೆವು. ಈ ಕಡೆ ಹೊಸ ಕಾಲದ ಸಮಾಧಿಗಳು. ದೊಡ್ಡ ಕಂಪನಿಗಳು ತಮ್ಮ ನೌಕರರಿಗಾಗಿ ಕಟ್ಟಿಸಿದವು. ಒಂದು ರಾಕೆಟ್ಟಿನ ಆಕಾರದಲ್ಲೇ ಇದೆ. ಅವುಗಳ ನಡುವೆ ಆ ಕಲ್ಲು. ಗೆದ್ದಲು ನಾಶಮಾಡುವ ಉದ್ದಿಮೆಯವರ ಸಂಘ 1971ರಲ್ಲಿ ಇಟ್ಟದ್ದು. ಗೆದ್ದಲುಗಳೇ, ನೆಮ್ಮದಿಯಾಗಿ ಮಲಗಿ ಎಂದು ಹಾರೈಕೆ. ನಾನು ನಕ್ಕದ್ದು ಇಲ್ಲಿ. "ಕೊಂದ ಕಂಪನಿಯೇ ತಿಥಿ ಮಾಡೋದು ಚೆನ್ನಾಗಿದೆ" ಎಂದೆ. ಮಗಳು ನಗಲಿಲ್ಲ. ಸ್ವಲ್ಪ ದೂರ ಸುಮ್ಮನೆ ನಡೆದು ಕೇಳಿದಳು: "ಚಿಕ್ಕಮ್ಮನ ಹತ್ರ ಮಾತಾಡಿ ಎಷ್ಟು ವರ್ಷ ಆಯ್ತು ಅಪ್ಪ?"

ಇಲ್ಲಿ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಾನು ಓದಿ ಬೆಂಗಳೂರು ಸೇರಿದೆ. ತಮ್ಮ ಊರಿನಲ್ಲುಳಿದ. ಅಪ್ಪನ ಕಾಲಕ್ಕೆ ಅರ್ಧ ಎಕರೆಯಿದ್ದ ಅಡಿಕೆ ತೋಟವನ್ನು ಎರಡೂವರೆಗೆ ಏರಿಸಿದವನು ಅವನು. ಕಪ್ಪು ತೆಗೆದವನು, ಸೊಪ್ಪು ಹೊತ್ತವನು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸಿದವನು ಅವನು. ಕಾಗದ ಮಾತ್ರ ಹಿರಿಯ ಮಗನಾದ ನನ್ನ ಹೆಸರಿಗಿತ್ತು. ಅಪ್ಪ ಹೋದ ಮೇಲೆ ಮಾತು ಬಂತು, ಮಾತಿಗೆ ಮಾತು ಬೆಳೆಯಿತು. ತಮ್ಮ ಹೆಂಡತಿ ಮಗನನ್ನು ಕರೆದುಕೊಂಡು ಶಿವಮೊಗ್ಗದಲ್ಲಿ ಬಾಡಿಗೆ ಮನೆ ಹಿಡಿದ. ನಾನು ತೋಟವನ್ನು ಚೇಣಿಗೆ ಕೊಟ್ಟೆ. ಐದು ವರ್ಷಕ್ಕೆ ತಮ್ಮ ತೀರಿಕೊಂಡ. ಸುದ್ದಿ ಕೇಳಿ ಓಡಿಹೋದೆ, ಅತ್ತದ್ದು ಸುಳ್ಳಲ್ಲ. ಹದಿಮೂರನೆಯ ದಿನದವರೆಗಿನ ಖರ್ಚನ್ನೆಲ್ಲ ನಾನೇ ಹೊತ್ತೆ, ಗೋಕರ್ಣಕ್ಕೆ ಹೋಗಿ ಬಂದೆ. ಅಣ್ಣ ಅಂದರೆ ಹೀಗಿರಬೇಕು ಎಂದರು ನೆಂಟರು. ತಮ್ಮನ ಹೆಂಡತಿ ಏನೂ ಅನ್ನಲಿಲ್ಲ.

ಆ ರಾತ್ರಿ ಉಳಿದುಕೊಂಡ ದೇವಾಲಯದಲ್ಲಿ ಎಳ್ಳಿನ ಗಿಣ್ಣಿನಂಥ ತಿನಿಸು, ಒಣಗಿಸಿ ಬೇಯಿಸಿದ ಸೋಯಾ ಪನೀರು, ಅನ್ನ, ಸಾರು ಬಡಿಸಿದರು. ಊಟ ಹಿತವಾಗಿತ್ತು, ನಿದ್ದೆ ಬರಲಿಲ್ಲ. ಕಾಗದದ ಬಾಗಿಲಿನಾಚೆ ಚಳಿ, ಮರದಿಂದ ತೊಟ್ಟಿಕ್ಕುವ ಇಬ್ಬನಿ. ಗೆದ್ದಲಿನ ಕಲ್ಲನ್ನು ನೆನೆದು ಇನ್ನೊಂದು ಸಲ ನಗಲು ನೋಡಿದೆ. ಆಗಲಿಲ್ಲ. ಆ ಸಂಘದವರು ಮಾಡಿದ್ದರಲ್ಲಿ ಸುಳ್ಳೇನಿದೆ? ಈ ಊರಿನ ಗುಡಿಗಳಲ್ಲಿ ಹೆಚ್ಚಿನವು ಮರದವು. ಗೆದ್ದಲು ಬಿಟ್ಟರೆ ಗುಡಿ ಉಳಿಯದು. ಉಳುವವನ ನೇಗಿಲಿಗೆ ಎರೆಹುಳ ಸಿಗುತ್ತದೆ, ಹಚ್ಚಿದ ದೀಪಕ್ಕೆ ಹುಳ ಬೀಳುತ್ತದೆ, ಈರುಳ್ಳಿ ಕೂಡ ತಿನ್ನದವನ ಬಾಳೂ ಕೊಲ್ಲದೆ ಸಾಗುವುದಿಲ್ಲ. ನಮ್ಮ ಹಿರಿಯರು ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮೊದಲು ಭೂಮಿಯ ಕ್ಷಮೆ ಕೇಳುತ್ತಿದ್ದರು. ಕೇಳಿ, ಆಮೇಲೆ ತುಳಿದೇ ನಡೆಯುತ್ತಿದ್ದರು. ಬೇರೆ ದಾರಿಯಿಲ್ಲದಾಗ ಕ್ಷಮೆ ಕೇಳುವುದು ಬೂಟಾಟಿಕೆಯಲ್ಲ. ನಾನು ಮಾಡಿದ್ದು ಏನೂ ಅಲ್ಲ ಎಂದು ಹೇಳಿಕೊಳ್ಳದಿರುವ ಪ್ರಾಮಾಣಿಕತೆ ಅದು. ಸತ್ತ ಗೆದ್ದಲಿಗೆ ಕೊಡುವುದಕ್ಕೆ ಕೊಂದವನ ಬಳಿ ಇನ್ನೇನೂ ಇಲ್ಲ. ಒಂದು ಕಲ್ಲು, ಒಂದು ಮಾತು, ಅಷ್ಟೆ.

ಶಿಮಾಜುವಿನ ಕಲ್ಲನ್ನೂ ಹೀಗೆಯೇ ಒಪ್ಪಿಕೊಳ್ಳಬಹುದಿತ್ತು. ಸತ್ತ ಸೈನಿಕರನ್ನು ಅವನು ಬದುಕಿಸಲಾರ. ಆದರೆ ಅವನ ಕಥೆಗೆ ಇನ್ನೊಂದು ತುದಿಯಿದೆ. 1598ರಲ್ಲಿ ಕೊರಿಯಾದಿಂದ ಹಿಂದಿರುಗುವಾಗ ಅವನು ಅಲ್ಲಿಯ ಕುಂಬಾರರನ್ನು ಸೆರೆಹಿಡಿದು ತಂದ. ಸಾತ್ಸುಮಾದ ಹೆಸರಾಂತ ಪಿಂಗಾಣಿ ಬೆಳೆದದ್ದು ಅವರ ಕೈಯಿಂದ. ಅವರು ನಾಯೆಶಿರೊಗಾವಾ ಎಂಬ ಹಳ್ಳಿಯಲ್ಲಿ ತಲೆಮಾರುಗಟ್ಟಲೆ ಕೊರಿಯಾದ ಹೆಸರು, ಉಡುಪು ಇಟ್ಟುಕೊಂಡೇ ಬಾಳಿದರು. ಹಾಗೆಯೇ ಇರಬೇಕೆಂದು ಸಂಸ್ಥಾನವೇ ಕಟ್ಟುಮಾಡಿತ್ತು. ಊರ ಗುಡ್ಡದ ಮೇಲೆ ತಮ್ಮ ನಾಡಿನ ಮೂಲಪುರುಷ ದಾಂಗುನ್‌ಗೆ ಗುಡಿ ಮಾಡಿಕೊಂಡರು. ಕೋಯಾಸಾನ್‌ನಲ್ಲಿ ಸತ್ತ ಶತ್ರುಗಳಿಗಾಗಿ ಕಲ್ಲು ಏಳುತ್ತಿದ್ದಾಗ ಈ ಕುಂಬಾರರು ಬದುಕಿದ್ದರು, ಅವನ ಕೈಯಳತೆಯಲ್ಲೇ ಇದ್ದರು. ಅವರನ್ನು ಊರಿಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ಸತ್ತವರಿಗೆ ಸದ್ಗತಿ ಕೋರುವುದು ಸುಲಭ. ಅವರು ಎದ್ದು ಬಂದು, ನಮ್ಮನ್ನು ಮನೆಗೆ ಕಳಿಸು ಎಂದು ಕೇಳುವುದಿಲ್ಲ.

ಕತ್ತಲಲ್ಲಿ ಎದ್ದು ಕುಳಿತೆ. ಮಧ್ಯಾಹ್ನ ಒದ್ದೆಯಾದ ನನ್ನ ಕಣ್ಣು ಯಾರಿಗಾಗಿ ಒದ್ದೆಯಾಗಿತ್ತು? ತಮ್ಮನ ಮೇಲೆ ಧಾರಾಳವಾಗಿ ಸುರಿದ ನೀರಿಗೆ ನಾನು ತೆತ್ತದ್ದೇನು? ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಎಷ್ಟೋ ಸಲ ಬೇರೆಯವರ ಬಗ್ಗೆ ಹೇಳಿ ನಕ್ಕಿದ್ದೇನೆ. ಹುತ್ತಕ್ಕೆ ಹಾಲೆರೆಯುವಾಗಲೂ ನಾವು ನೆನೆಯುವುದು ಹಾವನ್ನು, ಕಟ್ಟಿದ ಗೆದ್ದಲನ್ನಲ್ಲ.

ಯೋಚಿಸುತ್ತ ಯೋಚಿಸುತ್ತ ನನಗೆ ಸ್ಪಷ್ಟವಾದದ್ದು ಇಷ್ಟೆ. ಮಾಡಿದ ಅನ್ಯಾಯಗಳಲ್ಲಿ ಎರಡು ಬಗೆ. ತಿರುಗಿಸಿ ಕೊಡಲಾಗದ್ದು ಒಂದು. ಅಲ್ಲಿ ಕ್ಷಮೆ ಬೇಡುವುದೇ ನಮ್ಮಿಂದಾಗುವ ಕೊನೆಯ ಕೆಲಸ, ಅದನ್ನು ಯಾರೂ ಹಗುರಾಗಿ ಕಾಣಬಾರದು. ತಿರುಗಿಸಿ ಕೊಡಬಹುದಾದ್ದು ಇನ್ನೊಂದು. ಅಲ್ಲಿ ಕೊಡುವ ಮೊದಲು ಬೇಡುವ ಕ್ಷಮೆ ಬಾಕಿ ಮುಚ್ಚಿಡುವ ಉಪಾಯ. ನಾವು ಜಾಣರು, ಎರಡನೆಯದನ್ನು ಮೊದಲನೆಯದರ ಸಾಲಿಗೆ ಸೇರಿಸಿಬಿಡುತ್ತೇವೆ. ತಮ್ಮ ಹೋದ, ಇನ್ನೇನು ಮಾಡಲಾದೀತು ಎಂದು ಐದಾರು ವರ್ಷ ನಿಟ್ಟುಸಿರುಬಿಟ್ಟೆ. ತಮ್ಮ ಹೋದದ್ದು ನಿಜ, ತೋಟ ಎಲ್ಲಿಯೂ ಹೋಗಿರಲಿಲ್ಲ.

ಬೆಳಗಿನ ಆರು ಗಂಟೆಗೆ ಪೂಜೆಗೆ ಕರೆದರು. ಅಗ್ನಿಗೆ ಕಡ್ಡಿಗಳನ್ನು ಹಾಕುತ್ತ ಭಿಕ್ಷು ಮಂತ್ರ ಹೇಳಿದರು. ಅದಕ್ಕೆ ಗೋಮ ಎನ್ನುತ್ತಾರೆ. ನಮ್ಮ ಹೋಮವೇ ಚೀನಾ ಬಳಸಿ ಅಲ್ಲಿಗೆ ಹೋಗಿ ಗೋಮವಾಗಿದೆ. ಕಟ್ಟಿಗೆಯ ತುಂಡಿನ ಮೇಲೆ ಕೋರಿಕೆ ಬರೆದು ಕೊಡಬಹುದೆಂದು ಮಗಳು ಹೇಳಿದಳು. ಏನು ಬರೆಯಲಿ? ತಮ್ಮನ ಆತ್ಮಕ್ಕೆ ಶಾಂತಿ ಎಂದು ಬರೆಯಲು ಕೈ ಬರಲಿಲ್ಲ. ಕೋಣೆಗೆ ಬಂದು ತಮ್ಮನ ಹೆಂಡತಿಗೆ ಕಾಗದ ಬರೆದೆ. ತೋಟದ ಅರ್ಧವನ್ನು ಹುಡುಗನ ಹೆಸರಿಗೆ ಮಾಡಿಸುತ್ತೇನೆ ಎಂದು ಬರೆದು, ಓದಿ, ಅರ್ಧ ಎಂಬುದನ್ನು ಹೊಡೆದುಹಾಕಿದೆ. ಅಪ್ಪನ ಅರ್ಧ ಎಕರೆಯಲ್ಲಿ ನಮಗಿಬ್ಬರಿಗೂ ಪಾಲುಂಟು, ಅವನು ಬೆಳೆಸಿದ ಎರಡು ಎಕರೆ ಅವನದೇ ಎಂದು ಬರೆದೆ. ಇಷ್ಟು ಬರೆಯುವುದಕ್ಕೆ ಬೆಳಗಿನ ತಿಂಡಿ ಆರಿಹೋಯಿತು.

ಊರಿಗೆ ಬಂದು ನೋಂದಣಿ ಕಚೇರಿಯ ಕೆಲಸ ಮುಗಿಸಿದ್ದೇನೆ. ಕಾಗದಗಳನ್ನು ಶಿವಮೊಗ್ಗಕ್ಕೆ ಕಳಿಸಿ ಎರಡು ತಿಂಗಳಾಯಿತು. ಈವರೆಗೆ ಉತ್ತರ ಬಂದಿಲ್ಲ. ಮೊದಮೊದಲು ಬೇಸರವಾಯಿತು; ಹೊಗಳಿಕೆಗೆ ಕಾದ ಮನಸ್ಸು ಅಲ್ಲಿಯೂ ಇಣುಕಿತ್ತು. ಈಗ ಅನ್ನಿಸುತ್ತದೆ, ಸತ್ತವರು ಮಾತಾಡದಿರುವುದು ಅವರ ಕ್ಷಮೆ ಎಂದು ನಾವೇ ಅರ್ಥ ಕಟ್ಟಿಕೊಳ್ಳುತ್ತೇವೆ. ಬದುಕಿರುವವರ ಮೌನಕ್ಕೆ ಹಾಗೆ ಅರ್ಥ ಕಟ್ಟುವ ಅಧಿಕಾರ ನಮಗಿಲ್ಲ. ಅವರು ಮಾತಾಡಿದರೆ ಕೇಳಬೇಕು. ಬೈದರೂ ಕೇಳಬೇಕು.