ಮುರಿದ ಒಲೆಯೂ ಬಿದ್ದುಹೋದ ಯಜ್ಞವೇದಿಯೂ

(ಧ್ಯಾನಕ್ಕಾಗಿ: 1 ಅರಸುಗಳು 18:30–39)



ಪ್ರವಾದಿಯಾದ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಪ್ರಾರ್ಥಿಸಿದಾಗ ಬೆಂಕಿಯು ಇಳಿದು ಬಂತೆಂಬದನ್ನು ನಮ್ಮ ಚಿಕ್ಕ ಮಕ್ಕಳು ಸಹ ಬಲ್ಲರು. ಆದರೆ ಪ್ರಾರ್ಥಿಸುವದಕ್ಕೆ ಮುಂಚೆ ಅವನು ಮಾಡಿದ ಕೆಲಸವನ್ನು ನಾವು ಅವಸರದಿಂದ ಓದಿ ದಾಟಿಬಿಡುತ್ತೇವೆ. ಕೆಡವಲ್ಪಟ್ಟಿದ್ದ ಕರ್ತನ ಯಜ್ಞವೇದಿಯನ್ನು ಅವನು ಮೊದಲು ಸರಿಪಡಿಸಿದನು. ಈ ಕಾರ್ಯದ ಅರ್ಥವನ್ನು ನಮ್ಮ ಅಡಿಗೆಮನೆಯ ಒಲೆಯಿಂದಲೇ ಕಲಿಯೋಣ.

ನಮ್ಮ ಹಳ್ಳಿಗಳ ಕೆಲವು ಮನೆಗಳಲ್ಲಿ ಅಸ್ತ್ರ ಒಲೆಯೆಂಬದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗದವರು ಹಳ್ಳಿಯವರ ಕಷ್ಟವನ್ನು ಕಂಡು ಇದನ್ನು ರೂಪಿಸಿದರು. ಸೌದೆಯ ಕೆಳಗೆ ಜಾಲರಿ, ಪಾತ್ರೆಗಳಿಗೆ ಮೂರು ಕುಳಿಗಳು, ಕಡೆಯಲ್ಲಿ ಹೊಗೆಕೊಳವೆ, ಇವು ಅದರ ಮುಖ್ಯ ಅಂಗಗಳು. ಜಾಲರಿಯ ಕೆಳಗಿನಿಂದ ಗಾಳಿ ಬರುವದು. ಉರಿಯು ಪಾತ್ರೆಗಳ ಅಡಿಯಲ್ಲಿ ಹಾದುಹೋಗುವದು. ಹೊಗೆಯು ಕೊಳವೆಯಿಂದ ಹೊರಗೆ ಹೋಗುವದು. ಸೌದೆಯೂ ಕಡಿಮೆ ಸಾಕು. ಆದರೆ ಕಾಲ ಕಳೆದಂತೆ ಕೊಳವೆಯಲ್ಲಿ ಮಸಿ ಕಟ್ಟುವದು, ಜಾಲರಿ ಸುಟ್ಟು ಬಾಗುವದು, ಮಣ್ಣು ಬಿರಿಯುವದು. ಆಗ ಹೊಗೆಯು ಮನೆಯೊಳಕ್ಕೇ ತಿರುಗುವದು.

ಇದನ್ನು ಅಲ್ಪವೆಂದು ಎಣಿಸಬೇಡಿರಿ. ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದಂತೆ 2020ರಲ್ಲಿ ಮನೆಯೊಳಗಿನ ಇಂಥ ಹೊಗೆಯ ದೆಸೆಯಿಂದ ಲೋಕದಲ್ಲಿ ಸುಮಾರು 32 ಲಕ್ಷ ಜನರು ಸತ್ತರು. ನಮ್ಮ ತಾಯಂದಿರ ಕೆಮ್ಮೂ ಮೊಮ್ಮಕ್ಕಳ ಕಣ್ಣೀರೂ ಈ ಹೊಗೆಯಿಂದ ಬಂದವುಗಳಾಗಿರಬಹುದು. ಬೂದಿ ಬಳಿಯುವದು ಹೆಂಗಸರ ಕೆಲಸವೆಂದು ಹೇಳುವ ಗಂಡಸರು ಯಾಜಕಕಾಂಡ 6ನೆಯ ಅಧ್ಯಾಯವನ್ನು ಓದಲಿ. ಯಜ್ಞವೇದಿಯ ಬೂದಿಯನ್ನು ತೆಗೆದವನು ಆಳಲ್ಲ. ನಾರುಬಟ್ಟೆಯನ್ನು ಧರಿಸಿದ ಯಾಜಕನೇ. ಬೂದಿಯನ್ನು ತೆಗೆಯದಿದ್ದರೆ ಅಲ್ಲಿ ಬೆಂಕಿಯು ಆರದೆ ಉಳಿಯುವದು ಹೇಗೆ?

ಇನ್ನು ಕೆಟ್ಟ ಒಲೆಯನ್ನು ಸರಿಮಾಡುವ ಕ್ರಮವನ್ನು ಕೇಳಿರಿ. ಮೊದಲು ಅದನ್ನು ಪೂರಾ ತಣ್ಣಗಾಗಗೊಡಬೇಕು. ಕೊಳವೆಯನ್ನು ಬಿಚ್ಚಿ ಮಸಿಯನ್ನು ಉದುರಿಸಬೇಕು. ಜಾಲರಿಯನ್ನು ತೆಗೆದು ಬೂದಿಯನ್ನು ಬಳಿಯಬೇಕು. ಸಡಿಲವಾದ ಮಣ್ಣನ್ನು ಗಟ್ಟಿಯಾದ ಭಾಗವು ಸಿಕ್ಕುವ ತನಕ ಕೆರೆಯಬೇಕು. ಬಿರುಕಿನ ಮೇಲೆ ಸುಮ್ಮನೆ ಸಾರಿಸಿದರೆ ನೋಟಕ್ಕೆ ಚಂದವಾಗಿರುವದು, ಆದರೆ ಕೆಲವು ದಿವಸಗಳ ಉರಿಗೆ ಉದುರಿಬೀಳುವದು. ಕೆರೆದ ಮೇಲೆ ಹಳೆಯ ಮಣ್ಣನ್ನು ನೀರಿನಿಂದ ನೆನೆಯಿಸಬೇಕು. ಯಾಕಂದರೆ ಒಣಗಿದ ಹಳೇ ಮಣ್ಣು ಹೊಸ ಮಣ್ಣಿನ ನೀರನ್ನು ಹೀರಿಕೊಳ್ಳುವದರಿಂದ ಅವೆರಡೂ ಕೂಡಿಕೊಳ್ಳಲಾರವು. ಆಮೇಲೆ ಮಣ್ಣನ್ನೂ ಸಗಣಿಯನ್ನೂ ಹೊಟ್ಟನ್ನೂ ಕಲಸಿ ಮೆತ್ತಿ, ಜಾಲರಿಯನ್ನೂ ಕೊಳವೆಯನ್ನೂ ಅದರದರ ಸ್ಥಳದಲ್ಲಿ ಸೇರಿಸಿ, ನಿಧಾನವಾಗಿ ಒಣಗಿಸಬೇಕು. ಮೊದಲು ಸಣ್ಣ ಉರಿಯನ್ನೇ ಹಾಕಬೇಕು. ಕಡೆಗೆ ಕುಳಿಗಳ ಮೇಲೆ ಪಾತ್ರೆಗಳನ್ನಿಟ್ಟು, ಒಂದು ಹಿಡಿ ಹುಲ್ಲು ಹೊತ್ತಿಸಿ, ಹೊಗೆಯು ಎಲ್ಲಿಯಾದರೂ ಸೋರುತ್ತದೋ ಎಂದು ನೋಡಬೇಕು.

ಪ್ರಿಯರೇ, ನಮ್ಮ ಸಭೆಗಳಲ್ಲಿ ಜಗಳವಾದಾಗ ನಾವು ಮಾಡುವದೇನು? ಹಿರಿಯರು ಇಬ್ಬರನ್ನೂ ಕರೆದು ಕೈಕೂಡಿಸಿ ಕಳುಹಿಸುವರು. ಗದ್ದೆಯ ಬದುವಿನ ವ್ಯಾಜ್ಯವೂ, ತೀರಿಸದ ಸಾಲವೂ, ಮದುವೆಯ ಮನೆಯಲ್ಲಿ ಆಡಿದ ಕಠಿಣವಾದ ಮಾತೂ ಒಳಗೆ ಹಾಗೆಯೇ ಇರುವವು. ಇದು ಬಿರುಕಿನ ಮೇಲೆ ಸಾರಿಸುವದೇ ಸರಿ. ಮುಂದಿನ ಕರ್ತನ ಭೋಜನಕ್ಕೆ ಒಂದು ಮನೆಯವರು ಬರುವದಿಲ್ಲ. ಅವರ ಮಕ್ಕಳು ಭಾನುವಾರದ ಶಾಲೆಯನ್ನೂ ಬಿಟ್ಟುಬಿಡುತ್ತಾರೆ. ತಪ್ಪನ್ನು ಗಟ್ಟಿನೆಲ ಸಿಕ್ಕುವ ತನಕ ಕೆರೆದು ಅರಿಕೆಮಾಡೋಣ. ಮಾನಸಾಂತರದ ಕಣ್ಣೀರಿನಿಂದ ನೆನೆಯದ ಹೃದಯಕ್ಕೆ ಸಮಾಧಾನದ ಮಾತುಗಳು ಅಂಟುವದಿಲ್ಲ. ಕೂಡಿಕೊಂಡ ಮೇಲೆಯೂ ತಾಳ್ಮೆ ಬೇಕು. ಹಸಿಯಾದ ಸ್ನೇಹದ ಮೇಲೆ ಒಂದೇ ದಿನ ದೊಡ್ಡ ಉರಿಯನ್ನು ಹಾಕಬಾರದು.

ಎಲೀಯನು ಎಷ್ಟು ಕಲ್ಲುಗಳನ್ನು ತೆಗೆದುಕೊಂಡನೆಂಬದನ್ನೂ ಗಮನಿಸಿರಿ. ಆ ಕಾಲಕ್ಕೆ ಇಸ್ರಾಯೇಲ್ಯರ ರಾಜ್ಯವು ಎರಡಾಗಿ ಒಡೆದಿತ್ತು. ಅವನು ನಿಂತದ್ದು ಹತ್ತು ಕುಲಗಳ ನಾಡಿನಲ್ಲಿ. ಆದಾಗ್ಯೂ ಅವನು ಹನ್ನೆರಡು ಕಲ್ಲುಗಳನ್ನು ಇಟ್ಟನು. ಅರಸರು ಒಡೆದದ್ದನ್ನು ಪ್ರವಾದಿಯು ದೇವರ ಲೆಕ್ಕದಂತೆ ಎಣಿಸಿದನು. ನಿಮ್ಮ ಸಭೆಯನ್ನು ಬಿಟ್ಟುಹೋದ ಮನೆಯು ಯಾವದು? ಆ ಕಲ್ಲನ್ನು ಬಿಟ್ಟು ವೇದಿಯನ್ನು ಕಟ್ಟಿ ಮುಗಿಯಿತೆಂದು ಹೇಳಬಹುದೋ? ಸಹೋದರನಿಗೆ ನಮ್ಮ ಮೇಲೆ ಏನಾದರೂ ಇದ್ದರೆ ಮೊದಲು ಹೋಗಿ ಅವನ ಸಂಗಡ ಒಂದಾಗಬೇಕೆಂದು ಕರ್ತನು ಮತ್ತಾಯ 5ನೆಯ ಅಧ್ಯಾಯದಲ್ಲಿ ಬೋಧಿಸಿದ್ದಾನಲ್ಲವೇ? ಅವನು ಬರಲೆಂದು ಕಾದುಕೊಂಡಿರದೆ ನಾವೇ ಎದ್ದು ಅವನ ಬಾಗಲಿಗೆ ಹೋಗಬೇಕು.

ಎಲೀಯನು ಕಲ್ಲುಗಳನ್ನೂ ಕಟ್ಟಿಗೆಯನ್ನೂ ಜೋಡಿಸಿದನು. ಬೆಂಕಿಯನ್ನಾದರೋ ದೇವರಿಂದಲೇ ಬೇಡಿದನು. ಎಷ್ಟು ಚೆನ್ನಾಗಿ ಕಟ್ಟಿದ ಒಲೆಯೂ ತಾನೇ ಹೊತ್ತಿಕೊಳ್ಳದು. ಹಾಗೆಯೇ ನಮ್ಮ ಸಂಧಾನಗಳೆಲ್ಲಾ ಪವಿತ್ರಾತ್ಮನಿಲ್ಲದೆ ತಣ್ಣಗಿನ ಮಣ್ಣೇ. ಆದದರಿಂದ ಈ ವಾರದಲ್ಲಿ ಮನೆಯ ಒಲೆಯ ಮಸಿಯನ್ನು ತೆಗೆಯಿರಿ; ಬಿಟ್ಟುಹೋದ ಮನೆಯ ಬಾಗಲನ್ನು ತಟ್ಟಿರಿ; ಆ ಮೇಲೆ ಮೊಣಕಾಲೂರಿ ಬೆಂಕಿಗೋಸ್ಕರ ಬೇಡಿಕೊಳ್ಳಿರಿ. ಕರ್ಮೆಲಿನಲ್ಲಿ ಉತ್ತರಕೊಟ್ಟ ದೇವರು ನಮಗೂ ಉತ್ತರಕೊಡುವನು. ಆಮೆನ್.