ಹದಿನೆಂಟು ಗಂಟೆ ಓದಬೇಕೇ?




ಕಳೆದ ವಾರ ಕೊಳ್ಳೇಗಾಲದಲ್ಲಿ ಅಧ್ಯಯನ ಮುಗಿದ ಮೇಲೂ ಒಬ್ಬ ಹುಡುಗ ಎದ್ದು ಹೋಗದೆ ಕುಳಿತಿದ್ದ. ಹನೂರು ಕಡೆಯವನು. ಇಲ್ಲಿ ರೂಮು ಮಾಡಿಕೊಂಡು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾನೆ. "ಓದಿದ್ದೇ ಓದ್ತೀನಿ ಕಣಣ್ಣ, ಒಂದಕ್ಷರ ತಲೇಲಿ ನಿಲ್ತಾ ಇಲ್ಲ. ನಿದ್ದೇನೂ ಬರಲ್ಲ" ಅಂದ. ಎಷ್ಟು ಗಂಟೆ ಓದ್ತೀಯಪ್ಪ ಅಂತ ಕೇಳಿದೆ. "ಹದಿನಾರು. ಬಾಬಾಸಾಹೇಬ್ರು ಹದಿನೆಂಟು ಗಂಟೆ ಓದ್ತಿದ್ರು ಅಂತ ನೀವೇ ಹೇಳಿದ್ರಲ್ಲ, ಅಷ್ಟು ಆಗ್ತಾ ಇಲ್ಲ."

ಹೌದು, ಏಪ್ರಿಲ್ 14ರಂದು ನಾನೇ ಹೇಳಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

ಆ ರಾತ್ರಿ ಅಂಗುತ್ತರ ನಿಕಾಯದ ಸೋಣನ ಪ್ರಸಂಗವನ್ನು ಮತ್ತೆ ಓದಿದೆ. ಆತ ಶ್ರೀಮಂತರ ಮಗ, ವೀಣೆ ಬಲ್ಲವನು. ಭಿಕ್ಖುವಾದ ಮೇಲೆ ಪಾದ ಒಡೆದು ರಕ್ತ ಸುರಿಯುವಷ್ಟು ನಡೆದು ಧ್ಯಾನ ಮಾಡಿದ. ಫಲ ಸಿಗಲಿಲ್ಲ, ಮನೆಗೇ ಹಿಂತಿರುಗುವ ಯೋಚನೆ ಬಂತು. ಬುದ್ಧರು ಅವನನ್ನು ಗದರಿಸಲಿಲ್ಲ. ವೀಣೆಯ ತಂತಿಯ ಬಗ್ಗೆ ಕೇಳಿದರು. ತೀರ ಬಿಗಿದರೂ ನಾದವಿಲ್ಲ, ತೀರ ಸಡಿಲಿಸಿದರೂ ನಾದವಿಲ್ಲ. ಚಿಕ್ಕಲ್ಲೂರಿನಲ್ಲಿ ನೀಲಗಾರರು ತಂಬೂರಿ ಶ್ರುತಿ ಮಾಡುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಣ ತನ್ನ ಪ್ರಯತ್ನವನ್ನು ಹದಕ್ಕೆ ತಂದ, ಅರಹಂತನಾದ.

ವಿಜ್ಞಾನವೂ ಇದನ್ನೇ ಹೇಳುತ್ತದೆ. 2022ರಲ್ಲಿ ಪ್ಯಾರಿಸ್‌ನ ಸಂಶೋಧಕರು, ದಿನವಿಡೀ ಕಷ್ಟದ ಬುದ್ಧಿಕೆಲಸ ಮಾಡಿದವರ ಮೆದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಹೆಚ್ಚಾಗಿರುವುದನ್ನು ಕಂಡರು. ಅಂಥವರು ಶ್ರಮವಿಲ್ಲದೆ ಬೇಗ ಸಿಗುವುದರ ಕಡೆಗೇ ವಾಲಿದರು. ದಣಿದ ಕೈ ಪುಸ್ತಕ ಬಿಟ್ಟು ಮೊಬೈಲ್ ಹಿಡಿಯುವುದು ಬರೀ ಸೋಮಾರಿತನವಲ್ಲ. ಇನ್ನು ಹಗಲು ಓದಿದ್ದು ನೆನಪಾಗಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆ ಕದ್ದು ಓದಿದರೆ ಓದಿದ್ದನ್ನೇ ಕಳೆದುಕೊಂಡಂತೆ.

"ನಮ್ಮವರು ಎರಡರಷ್ಟು ದುಡಿಯದಿದ್ದರೆ ಮುಂದೆ ಬರುವುದು ಹೇಗೆ?" ಎಂದು ನೀವು ಕೇಳಬಹುದು. ಪ್ರಶ್ನೆ ಸುಳ್ಳಲ್ಲ. ಹನೂರು, ಯಳಂದೂರಿನ ನಮ್ಮ ಬೀದಿಗಳಲ್ಲಿ ಒಬ್ಬ ಹುಡುಗ ಫೇಲಾದರೆ ಇಡೀ ಬೀದಿಯೇ ಫೇಲಾಯಿತು ಎನ್ನುವ ಜನ ಇದ್ದಾರೆ. ಆ ಭಾರ ಹೊರಿಸಿದ್ದು ಈ ಸಮಾಜ. ಅದನ್ನು ಮಗುವಿನ ನಿದ್ದೆಯಿಂದ ತೀರಿಸುವುದು ನ್ಯಾಯವೇ?

ನಾನು ಭಾಷಣದಲ್ಲಿ ಮರೆತ ಮಾತೊಂದಿದೆ. ಬಾಬಾಸಾಹೇಬರು ಕಾರ್ಮಿಕ ಖಾತೆ ಹೊತ್ತಿದ್ದಾಗ, 1946ರಲ್ಲಿ, ಕಾರ್ಖಾನೆ ದುಡಿಮೆಯನ್ನು ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆ ತಂದರು. ತಾವು ಮಿತಿಮೀರಿ ದುಡಿದವರು, ಉಳಿದವರ ದುಡಿಮೆಗೆ ಮಿತಿ ಬೇಕೆಂದರು. ಅವರ ಋಣವನ್ನು ದೇಹ ಸವೆಸಿ ತೀರಿಸಬೇಕಾಗಿಲ್ಲ. ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನ, ಗಂಟೆಗಳ ಲೆಕ್ಕವಲ್ಲ.

ಮರುದಿನ ಹುಡುಗನಿಗೆ ಫೋನ್ ಮಾಡಿ, "ನಾನು ಅರ್ಧ ಮಾತು ಹೇಳಿದ್ದೆ ಕಣಪ್ಪ" ಅಂದೆ. ನಿನ್ನೆ ಅವನ ಮೆಸೇಜ್ ಬಂತು: "ಹತ್ತೂವರೆಗೆ ಮಲಗ್ತಾ ಇದೀನಿ ಅಣ್ಣ."

ಇಂದು ಮನೆಯಲ್ಲಿ ಓದುವ ಮಕ್ಕಳನ್ನು "ಎಷ್ಟು ಓದಿದೆ?" ಎನ್ನುವ ಮೊದಲು "ನಿದ್ದೆ ಆಯ್ತಾ?" ಎಂದು ಕೇಳೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು. 🙏