ಹೊಲಕ್ಕೆ ಉಣ್ಣಿಸುವ ರಜೆ

ಗುಳೇದಗುಡ್ಡದಿಂದ ಬಾದಾಮಿ ಕಡೆಗೆ ಹೊರಟರೆ ಕೆಂಪು ಮರಳುಗಲ್ಲಿನ ಗುಡ್ಡಗಳು ಕಣ್ಣು ಬಿಟ್ಟು ಹೋಗುವುದಿಲ್ಲ. ಡಿಸೆಂಬರ್ ಬಂತೆಂದರೆ ದೂರದೂರಿನ ಕಾರುಗಳು ರಸ್ತೆ ಬದಿಗೆ ನಿಲ್ಲುತ್ತವೆ. ಇಳಿದವರು ಸಂಜೆ ಬಿಸಿಲಿಗೆ ಬಣ್ಣ ತಿರುಗುವ ಬಂಡೆಗಳ ಫೋಟೊ ತೆಗೆಯುತ್ತಾರೆ. ಆಡು ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದವನು ಒಂದು ಗಳಿಗೆ ನಿಂತು, ‘ಅಲ್ರೀ, ಈ ಕಲ್ಲಾಗ ಏನ್ ಕಂಡ್ರೀ?’ ಎಂದು ಕೇಳಿ ಮುಂದೆ ಹೋಗುತ್ತಾನೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಂಥಲ್ಲಿ ತಟ್ಟನೆ ಎಳೆದು ತರುತ್ತೇವೆ. ಹತ್ತಿರದವನಿಗೆ ಬೆಲೆ ಗೊತ್ತಿಲ್ಲ, ಹೊರಗಿನವನಿಗೇ ಕಣ್ಣಿದೆ ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಈ ತೀರ್ಪಿನ ಮೇಲೆ ನನ್ನ ತಕರಾರಿದೆ.

ತೀರ್ಪು ಹಳೆಯದು. ಅದನ್ನು ಗಟ್ಟಿಯಾಗಿ ಬರೆದಿಟ್ಟವರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಒಬ್ಬ. 1790ರಲ್ಲಿ ಬಂದ ತನ್ನ ಮೂರನೆಯ ‘ವಿಮರ್ಶೆ’ಯಲ್ಲಿ ಅವನು ಹೇಳುವುದಿಷ್ಟು: ಒಂದು ವಸ್ತುವಿನಿಂದ ನನಗೇನು ಲಾಭ ಎಂಬ ಲೆಕ್ಕ ಇಲ್ಲದಾಗ ಮಾತ್ರ ಅದರ ಚೆಲುವು ಚೆಲುವಾಗಿ ಕಾಣುತ್ತದೆ. ತಲೆಯ ಮೇಲೆ ವಾಲಿದ ಬಂಡೆ, ಗುಡುಗು, ಬಿರುಗಾಳಿಗಳ ಭವ್ಯತೆಯೂ ಅಷ್ಟೆ. ನಾವು ಸುರಕ್ಷಿತವಾದ ಜಾಗದಲ್ಲಿ ನಿಂತಿರಬೇಕು. ಅಲ್ಲೇ ಅವನು ಒಬ್ಬ ರೈತನನ್ನು ನೆನೆಯುತ್ತಾನೆ. ಆಲ್ಪ್ಸ್ ಪರ್ವತಗಳನ್ನು ಹತ್ತಿಳಿದ ಸೊಸ್ಯೂರ್ ಎಂಬ ವಿಜ್ಞಾನಿಗೆ ಸವಾಯ್ ಸೀಮೆಯಲ್ಲಿ ಸಿಕ್ಕ ರೈತ ಅವನು. ಹಿಮದ ಬೆಟ್ಟಗಳನ್ನು ನೋಡಲು ಬರುವವರೆಲ್ಲ ಹುಚ್ಚರು ಎಂದು ಅವನ ಮಾತು. ರೈತ ಒಳ್ಳೆಯವನೇ, ಬುದ್ಧಿವಂತನೇ, ಆದರೆ ಸಂಸ್ಕಾರ ಸಾಲದು ಎಂಬ ಧಾಟಿಯಲ್ಲಿ ಕಾಂಟ್ ಅವನನ್ನು ಬದಿಗೆ ಸರಿಸುತ್ತಾನೆ. ನಮ್ಮ ಆಡು ಕಾಯುವವನ ಪ್ರಶ್ನೆಯೂ ಆ ರೈತನ ಮಾತೂ ಒಂದೇ ಕುಲದವು. (ಕಾಂಟ್ ತಾನು ಹುಟ್ಟಿದ ಕೋನಿಗ್ಸ್‌ಬರ್ಗ್ ಸೀಮೆಯನ್ನು ದಾಟಿ ಹೋದವನಲ್ಲ. ಆಲ್ಪ್ಸನ್ನು ಅವನು ಕಂಡದ್ದು ಪುಸ್ತಕಗಳಲ್ಲಿ.)

ಕಾಂಟ್ ಹೇಳಿದ್ದರಲ್ಲಿ ಅರ್ಧ ನಿಜ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಗುಡ್ಡದ ನೆತ್ತಿಯ ಮೇಲೆ ಮೋಡ ಕಟ್ಟಿದರೆ ಪ್ರವಾಸಿಗೆ ಅದು ಚಿತ್ರ. ಹೊಲದವನಿಗೆ ಅದರ ಹಿಂದೆ ಬೀಜದ ಸಾಲವಿದೆ, ಬಿತ್ತಿಗೆಯ ಹದವಿದೆ, ಕೊಯ್ದ ತೊಗರಿ ನೆನೆದರೇನು ಗತಿ ಎಂಬ ದಿಗಿಲಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದಾಗ ದೂರದಿಂದ ತೆಗೆದ ಚಿತ್ರಗಳು ನಿಜಕ್ಕೂ ಭವ್ಯವಾಗಿದ್ದವು. ಹೊಳೆದಂಡೆಯ ಊರುಗಳಲ್ಲಿ ದನಗಳ ಹಗ್ಗ ಬಿಚ್ಚುತ್ತಿದ್ದವರಿಗೆ ಭವ್ಯತೆ ಕಾಣಲಿಲ್ಲವೆಂದರೆ ಅವರಿಗೆ ರಸಿಕತೆ ಇಲ್ಲವೆನ್ನಲಾದೀತೆ? ಬೇಕು-ಬೇಡಗಳ ಒತ್ತಡದಲ್ಲಿ ಸುಖ ಹುಟ್ಟದು. ಅಷ್ಟರಮಟ್ಟಿಗೆ ಕಾಂಟ್ ಸರಿ. ಆ ಒತ್ತಡ ಇಳಿಯಬೇಕಾದರೆ ದೂರ ನಿಲ್ಲಬೇಕು, ಹೊರಗಿನವನಾಗಬೇಕು ಎಂದುಕೊಂಡದ್ದರಲ್ಲಿ ಅವನು ಎಡವಿದ. ಈ ಕಡೆಯ ಮಂದಿ ಬೇರೊಂದು ದಾರಿ ಕಂಡುಕೊಂಡಿದ್ದಾರೆ. ಅವರು ಹೊಲ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಹೊಲಕ್ಕೇ ಹೋಗುತ್ತಾರೆ, ಆದರೆ ಆವತ್ತು ಕೆಲಸಕ್ಕಲ್ಲ.

ಸೀಗಿ ಹುಣ್ಣಿಮೆ, ಎಳ್ಳ ಅಮಾಸಿ. ಮೊದಲನೆಯದು ದಸರೆ ಮುಗಿದ ಮೇಲಿನ ಹುಣ್ಣಿಮೆ, ಎರಡನೆಯದು ಚಳಿ ಕಚ್ಚುವ ಹೊತ್ತಿನ ಅಮಾವಾಸ್ಯೆ. ಹಿಂಗಾರಿ ಬಿಳಿಜೋಳ ಆಗ ಎದೆಮಟ್ಟ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ, ನಡುವೆ ಕುಸುಬೆಯ ಸಾಲು. ಚಕ್ಕಡಿ ಹೂಡುವ ಮನೆಗಳು ಕಡಿಮೆಯಾಗಿವೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಬೈಕಿನ ಮೇಲೆ, ಮೂರು ಚಕ್ರದ ಟಂಟಂನಲ್ಲಿ ಬುತ್ತಿ ಗಂಟುಗಳು ಹೊಲಕ್ಕೆ ಹೋಗುತ್ತವೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಎಣಗಾಯಿ, ಪುಂಡಿ ಪಲ್ಲೆ, ಗುರೆಳ್ಳ ಚಟ್ನಿ, ಕರ್ಚಿಕಾಯಿ, ಗಟ್ಟಿ ಮೊಸರು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಚರಗ. ಮಾಡಿಕೊಂಡು ಬಂದ ಅಡುಗೆಯಲ್ಲೆಲ್ಲ ಇಷ್ಟಿಷ್ಟು ಕಲಸಿ, ಒಬ್ಬ ಚೆಲ್ಲುತ್ತ ಮುಂದೆ, ಇನ್ನೊಬ್ಬ ನೀರು ಚಿಮುಕಿಸುತ್ತ ಹಿಂದೆ, ಕೂಗು ಹಾಕಿಕೊಂಡು ಹೊಲದ ನಾಲ್ಕೂ ದಿಕ್ಕಿಗೆ ಹೋಗಿ ಬರುತ್ತಾರೆ. ಭೂಮಿತಾಯಿ ಬಸುರಿ, ಆಕೆಗೆ ಬಯಕೆಯ ಊಟ ಎಂಬುದು ಹಿರಿಯರು ಹೇಳುವ ಮಾತು. ಹೊಲ ಉಂಡ ಮೇಲೆಯೇ ಮನುಷ್ಯರ ಊಟ.

ಊಟದ ನಂತರದ ಹೊತ್ತೇ ನನಗೆ ಮುಖ್ಯ. ಯಾರಿಗೂ ಏನೂ ಕೆಲಸವಿಲ್ಲ. ದಿನಾ ಇದೇ ಬದುವಿನ ಮೇಲೆ ಕೂತು ಕಳೆ, ಕೂಲಿ, ಗೊಬ್ಬರ ಎಂದು ಲೆಕ್ಕ ಹಾಕುವ ಮನುಷ್ಯ ಆವತ್ತು ಟವೆಲ್ ಹಾಸಿ ಅಡ್ಡಾಗುತ್ತಾನೆ. ಹುಡುಗರು ಜೋಕಾಲಿ ಕಟ್ಟುತ್ತಾರೆ, ಬೋರೆ ಗಿಡಕ್ಕೆ ಕಲ್ಲು ಬೀರುತ್ತಾರೆ. ಜೋಳದ ತೆನೆಯ ಮೇಲೆ ಗಾಳಿ ಹಾಯುವುದನ್ನು ಅವನು ನೋಡುತ್ತಿದ್ದಾನೆ ಎಂದು ಯಾರಾದರೂ ಹೇಳಿದರೆ ಅವನು ಒಪ್ಪಲಿಕ್ಕಿಲ್ಲ. ಆದರೆ ನೋಡುತ್ತಿದ್ದಾನೆ.

ಇದೂ ಒಂದು ವ್ಯಾಪಾರವೇ ಅಲ್ಲವೇ ಎಂದು ಕೇಳಬಹುದು. ಉಣ್ಣಿಸುವುದು ಮುಂದಿನ ಪೀಕು ಚೆನ್ನಾಗಿ ಬರಲಿ ಎಂದೇ ತಾನೆ? ಹೌದು, ಅದನ್ನು ಮುಚ್ಚಿಡಬೇಕಿಲ್ಲ. ನಿಷ್ಕಾಮದ ಬಣ್ಣ ಬಳಿದು ಚರಗವನ್ನು ದೊಡ್ಡದು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಆವತ್ತು ಕೊಡು-ಕೊಳ್ಳುವಿಕೆ ದಿಕ್ಕು ಬದಲಿಸುತ್ತದೆ: ವರ್ಷವಿಡೀ ಕೇಳುವವನು ಒಂದು ದಿನ ಕೊಡುವವನಾಗುತ್ತಾನೆ. ಕೊಟ್ಟಾದ ಮೇಲೆ ಆ ಹೊತ್ತಿಗೆ ಕೇಳುವುದೇನೂ ಉಳಿದಿರುವುದಿಲ್ಲ. ಹೊಲದ ಮೇಲಿನ ಅವನ ಹಿತಾಸಕ್ತಿ ಎಲ್ಲೂ ಹೋಗಿಲ್ಲ, ಬದುವಿನ ಮೇಲೆ ಅವನ ಪಕ್ಕದಲ್ಲೇ ಕೂತಿದೆ. ಸುಮ್ಮನೆ ಕೂತಿದೆ, ಅಷ್ಟೆ. ಅದು ಇದ್ದದ್ದರಿಂದಲೇ ಅವನ ಸುಖಕ್ಕೆ ಹೊರಗಿನವನ ಸುಖಕ್ಕಿಲ್ಲದ ಸಾರ ಬರುತ್ತದೆ. ಸೀತನಿಯನ್ನೇ ನೋಡಿ. ಹಾಲ್ದುಂಬಿದ ಜೋಳದ ತೆನೆಯನ್ನು ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಕಾಳಿಗೆ ಬೆಲ್ಲವನ್ನೋ ಹಿಂಡಿಯನ್ನೋ ಸೇರಿಸಿಕೊಂಡು ತಿನ್ನುವ ಆಟ ಅದು. ಯಾವ ತೆನೆಯಲ್ಲಿ ಹಾಲು ಗಟ್ಟಿಯಾಗುತ್ತಿದೆ, ಯಾವುದು ಇನ್ನೂ ಎಳಸು, ಯಾವುದು ಬಲಿತುಹೋಯಿತು ಎಂದು ಕೈಯಿಟ್ಟು ಹೇಳಬಲ್ಲವನು ಬಿತ್ತಿದವನು. ಅವನು ಆರಿಸಿದ ತೆನೆಯ ರುಚಿಯೇ ಬೇರೆ.

ಈ ವಾದಕ್ಕೆ ಒಂದು ಕಠಿಣ ಪರೀಕ್ಷೆ ಇದೆ. ಹೊಲವೇ ಇಲ್ಲದವನ ಗತಿ ಏನು? ಗುಳೇದಗುಡ್ಡದಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದ್ದು, ಯಾಕೆಂದರೆ ಅದು ನೇಕಾರರ ಊರು. ಕುಪ್ಪಸದ ಬಟ್ಟೆ ಖಣ ಇಲ್ಲಿನದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು, ಅರೆಗತ್ತಲಿನ ಕೋಣೆಯಲ್ಲಿ, ಹಾಸಿನ ನಡುವೆ ಲಾಳಿ ಓಡಿಸುತ್ತ ದಿನ ಕಳೆಯುವವರು ನೇಕಾರರು. ಕೃಷಿಕನಿಗೆ ಪ್ರಕೃತಿಯೇ ಕೆಲಸದ ಜಾಗ. ಇವರಿಗೆ ಅದು ಗೋಡೆಯ ಆಚೆಗಿದೆ. 1948ರ ಕಾರ್ಖಾನೆ ಕಾಯ್ದೆ ವರ್ಷಕ್ಕೆ 240 ದಿನ ದುಡಿದ ಕಾರ್ಮಿಕನಿಗೆ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳದ ರಜೆ ಕೊಟ್ಟಿತು. ಮನೆಯ ಕುಣಿಮಗ್ಗದಲ್ಲಿ ನೇಯ್ದಷ್ಟಕ್ಕೆ ಮಜೂರಿ ಪಡೆಯುವವನಿಗೆ ಆ ಕಾಯ್ದೆ ಎಟುಕಲಿಲ್ಲ. ಅವನ ರಜೆಯ ಖರ್ಚು ಅವನದೇ ಮಜೂರಿ. ಆದ್ದರಿಂದ ನೇಕಾರರ ಅನೇಕ ಮನೆಗಳಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವ ರೂಢಿಯನ್ನು ನಾನು ಮೂಢನಂಬಿಕೆ ಎಂದು ತಳ್ಳಿಹಾಕಲಾರೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಹಾಕಬಾರದೆಂಬ ಒಕ್ಕಲುತನದ ಕಟ್ಟಳೆಯಂತೆಯೇ ಅದೂ. ಸಾವಕಾರನ ಅಪ್ಪಣೆ ಬೇಡದ, ಕಾಯ್ದೆಗೂ ಕಾಯದ ಬಿಡುವು. ಚಂದ್ರನನ್ನು ಯಾರೂ ಓವರ್‌ಟೈಮಿಗೆ ಒಪ್ಪಿಸಲಾರರು.

ಆ ಬಿಡುವಿನಲ್ಲಿ ಹೊಲವಿಲ್ಲದವರು ಹೋದದ್ದು ಎಲ್ಲಿಗೆ? ಶ್ರಾವಣ ಸೋಮವಾರ ಮಹಾಕೂಟಕ್ಕೆ: ಗುಡ್ಡದ ಬಗಲಲ್ಲಿ ಬೇಸಿಗೆಯಲ್ಲೂ ಬತ್ತದ ಬುಗ್ಗೆಯ ಹೊಂಡ, ಅದರೊಳಗೆ ಧುಮುಕುವ ಗಂಡು ಹುಡುಗರು, ದಂಡೆಯ ಮರದಡಿ ಬಿಚ್ಚುವ ಬುತ್ತಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ: ತಿಂಗಳಗಟ್ಟಲೆ ನಾಟಕ ಕಂಪನಿಗಳ ತಂಬು, ರಾತ್ರಿಯಿಡೀ ಬಯಲಲ್ಲಿ ಚಳಿ, ಬೆಳಗಿಗೆ ಮಿರ್ಚಿ-ಮಂಡಕ್ಕಿ. ಇನ್ನು ಎಳ್ಳ ಅಮಾಸಿಗೆ ಅವರು ಹೋಗುತ್ತಿದ್ದುದು ಯಾರದೋ ಹೊಲಕ್ಕೆ, ಕರೆದರೆ. ‘ನಮ್ಮ ಹೊಲಕ್ಕ ಬರ್ರಿ’ ಎಂದು ನೇಕಾರ ಗೆಳೆಯನನ್ನೋ, ಊರಿಗೆ ಹೊಸದಾಗಿ ಬಂದ ಮಾಸ್ತರನ್ನೋ ಕರೆಯುವುದು ಇವತ್ತಿಗೂ ಇದೆ.

ಹಾಗೆ ಕರೆಸಿಕೊಂಡು ಹೋದವನಿಗೆ ಒಂದು ಮರ್ಯಾದೆ ಇರುತ್ತದೆ, ಒಂದು ಹೊಣೆಯೂ. ಬೆಳೆ ತುಳಿಯಬಾರದು, ಉಂಡದ್ದನ್ನು ಬದುವಿನ ಮೇಲೆ ಚೆಲ್ಲಾಡಿ ಬರಬಾರದು, ಮುಂದಿನ ಸಲ ಅವರನ್ನು ತನ್ನ ಮನೆಗೆ ಕರೆಯಬೇಕು. ಬಾದಾಮಿಯ ಗುಹೆಗಳಿಗೆ ಟಿಕೆಟ್ ಕೊಂಡು ಬಂದವನಿಗೆ ಇದ್ಯಾವುದೂ ಇಲ್ಲ. ಅವನ ಋಣ ಕೌಂಟರಿನಲ್ಲೇ ಹರಿದುಹೋಗಿರುತ್ತದೆ. ಅಲ್ಲಿನ ಅಗಸ್ತ್ಯ ತೀರ್ಥದ ಕೆರೆ ದಂಡೆಯಲ್ಲಿ ಬಿದ್ದ ಕುರ್ಕುರೆ ಪೊಟ್ಟಣಗಳಿಗೆ ಜನರ ಅಶಿಸ್ತೇ ಕಾರಣ ಎಂದು ಬೈಯುವವರು ಇದನ್ನೂ ಯೋಚಿಸಬೇಕು. ಹಾಗೆಂದು ಟಿಕೆಟನ್ನು ಹಳಿಯಲೂ ನನಗೆ ಮನಸ್ಸಿಲ್ಲ. ಕರೆಯುವವರು ಎಲ್ಲರನ್ನೂ ಕರೆಯುತ್ತಿರಲಿಲ್ಲ. ಆ ಹೊಲದಲ್ಲಿ ವರ್ಷವಿಡೀ ಕಳೆ ತೆಗೆದ ಕೂಲಿಯವರಲ್ಲಿ ಯಾರು ಪಂಗ್ತಿಯಲ್ಲಿ ಕೂತರು, ಯಾರಿಗೆ ಬದುವಿನ ಆಚೆ ಬಡಿಸಿದರು ಎಂದು ಕೇಳಿದರೆ ಚರಗದ ಚಿತ್ರಕ್ಕೆ ಕಪ್ಪು ಹತ್ತುತ್ತದೆ. ಟಿಕೆಟ್ ಜಾತಿ ಕೇಳುವುದಿಲ್ಲ. ಮೂರನೆಯ ಗುಹೆಯ ವಿಷ್ಣುವಿನೆದುರು ಯಾರು ಬೇಕಾದರೂ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ಹೊರಗಿನವರಲ್ಲೂ ಎಲ್ಲರೂ ಒಂದೇ ಅಲ್ಲ. ಬಾದಾಮಿಯ ಬಂಡೆಗಳಿಗೆ ಹಗ್ಗ ಕಟ್ಟಿಕೊಂಡು ಹತ್ತುವವರು ದೇಶವಿದೇಶಗಳಿಂದ ಬರುತ್ತಾರೆ. ಅಲ್ಲಿನ ‘ಗಣೇಶ’ ಎಂಬ ದಾರಿ ಭಾರತದ ಅತಿ ಕಠಿಣ ಆರೋಹಣಗಳಲ್ಲಿ ಒಂದೆಂದು ಹೆಸರಾಗಿದೆ. ಈ ಹುಡುಗ-ಹುಡುಗಿಯರು ಒಂದೇ ಬಂಡೆಗೆ ದಿನಗಟ್ಟಲೆ ಅಂಟಿಕೊಂಡಿರುತ್ತಾರೆ. ಯಾವ ಬಿರುಕಿನಲ್ಲಿ ಬೆರಳು ಕೂಡುತ್ತದೆ, ಬಿಸಿಲೇರಿದ ಮೇಲೆ ಯಾವ ಅಂಚು ಜಾರುತ್ತದೆ ಎಂಬುದು ಅವರಿಗೆ ಚರ್ಮದಿಂದ ಗೊತ್ತು. ಬಂಡೆಯ ಮೇಲೆ ಅವರು ಪಣಕ್ಕಿಟ್ಟದ್ದೂ ಏನೋ ಇದೆ. ಫೋಟೊ ತೆಗೆದು ಕಾರು ಹತ್ತುವವನಿಗಿಂತ ಅವರು ತೆನೆ ಆರಿಸುವ ರೈತನಿಗೆ ಹತ್ತಿರದವರು ಎಂದರೆ ಕಾಂಟ್ ಒಪ್ಪಲಾರ. ನನಗೆ ಮಾತ್ರ ಹಾಗೇ ಕಾಣುತ್ತದೆ.

ಆದರೆ ಬಾಗಲಕೋಟೆಗೆ ಬಂದರೆ ನನ್ನ ವಾದಕ್ಕೂ ಕಾಲು ನಡುಗುತ್ತದೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ನೀರು ನಿಂತಂತೆಲ್ಲ ಕೃಷ್ಣೆ-ಘಟಪ್ರಭೆಯ ದಂಡೆಯ ಹಳ್ಳಿಗಳು, ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು, ನವನಗರ ಎದ್ದಿತು. ಈಗ ರವಿವಾರ ಬಂದರೆ ಮಂದಿ ಮಕ್ಕಳೊಂದಿಗೆ ಆಲಮಟ್ಟಿಯ ಉದ್ಯಾನಕ್ಕೆ ಹೋಗುತ್ತಾರೆ, ಹಿನ್ನೀರಿನ ದಂಡೆಯಲ್ಲಿ ಗಾಳಿಗೆ ಕೂರುತ್ತಾರೆ. ನೀರು ಇಳಿದ ತಿಂಗಳುಗಳಲ್ಲಿ ಫ್ಲೆಮಿಂಗೊ ಹಕ್ಕಿಗಳ ಹಿಂಡು ಇಳಿಯುತ್ತದೆ, ಕ್ಯಾಮೆರಾ ಹಿಡಿದವರು ಬರುತ್ತಾರೆ. ಚೆಲುವಿದೆ, ಸುಳ್ಳಲ್ಲ. ಆ ನೀರಿನ ಕೆಳಗೆ ಚರಗ ಚೆಲ್ಲುತ್ತಿದ್ದ ಎರೆಹೊಲಗಳಿವೆ ಎಂಬುದೂ ಸುಳ್ಳಲ್ಲ. ಹೊಲ ಕಳೆದುಕೊಂಡು ಪರಿಹಾರ ಪಡೆದ ಮನೆಯ ಮಗ ಅದೇ ದಂಡೆಯಲ್ಲಿ ತನ್ನ ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸುವಾಗ ಅವನ ಸುಖ ಯಾವ ಬಗೆಯದು? ಕಾಂಟ್ ಕೇಳಿದ ಷರತ್ತು ಇಲ್ಲಿ ಪೂರ್ತಿ ನೆರವೇರಿದೆ: ಈ ಭೂಮಿಯಿಂದ ಅವನಿಗೆ ಇನ್ನು ಯಾವ ಲಾಭವೂ ಇಲ್ಲ, ಅವನು ನಿಂತಿರುವುದು ಸುರಕ್ಷಿತ ಜಾಗದಲ್ಲಿ. ಇಂಥ ನಿರ್ಲಿಪ್ತತೆಯನ್ನು ಸಂಸ್ಕಾರ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವನ ಮಕ್ಕಳ ಖುಷಿ ಖೊಟ್ಟಿ ಎನ್ನಲೂ ಬಾರದು. ಅವರು ಹುಟ್ಟುವಾಗಲೇ ಅಲ್ಲಿ ನೀರಿತ್ತು.

ಮತ್ತೆ ಸವಾಯ್ ರೈತನ ವಿಷಯ. ಸೊಸ್ಯೂರ್ ಅವನ ಸೀಮೆಗೆ ಹೋದದ್ದು ಬೆಟ್ಟ ನೋಡಲು, ಹಬ್ಬ ನೋಡಲು ಅಲ್ಲ. ಆ ರೈತನೂ ವರ್ಷದಲ್ಲಿ ಯಾವತ್ತೋ ಒಂದು ದಿನ ದನ ಕಟ್ಟಿ, ಬುತ್ತಿ ಬಿಚ್ಚಿ, ಅದೇ ಹಿಮದ ಕಡೆ ಮುಖ ಮಾಡಿ ಕೂತಿದ್ದನೇ ಎಂದು ಕಾಂಟ್ ಕೇಳಿಕೊಳ್ಳಲಿಲ್ಲ. ದುಡಿಮೆಯ ದಿನ ಆಡಿದ ಒಂದು ಮಾತು ಹಿಡಿದು ಒಂದು ಇಡೀ ವರ್ಗಕ್ಕೆ ಕಣ್ಣಿಲ್ಲ ಎಂದುಬಿಟ್ಟರೆ ಹೇಗೆ? ನಮ್ಮ ಆಡಿನವನನ್ನೂ ಅಮಾಸಿಯ ಮಧ್ಯಾಹ್ನ ಕೇಳಿ ನೋಡಬೇಕು.

ಹೆಂಗಸರ ಮಾತು ಬಾಕಿ ಇದೆ. ಹೊಲದಲ್ಲಿ ಗಂಡಸರು ಅಡ್ಡಾಗುವ ಆ ಮಧ್ಯಾಹ್ನಕ್ಕಾಗಿ ಮನೆಯಲ್ಲಿ ಒಲೆ ಹೊತ್ತಿಕೊಳ್ಳುವುದು ಕೋಳಿ ಕೂಗುವ ಮೊದಲು. ಸಜ್ಜಿ ರೊಟ್ಟಿ ಬಡಿಯುವುದಂತೂ ಎರಡು ದಿನ ಮುಂಚೆಯೇ ಶುರು. ಭೂಮಿತಾಯಿಗೆ ಬಯಕೆಯ ಊಟ ಬಡಿಸಲು ನಿದ್ದೆಗೆಟ್ಟವಳಿಗೆ ಹೊಲಕ್ಕೆ ಬಂದ ಮೇಲೂ ಬಡಿಸುವ ಕೆಲಸವೇ. ಈಚೆಗೆ ಬಾಗಲಕೋಟೆ, ಇಳಕಲ್ಲ, ಹುನಗುಂದಗಳಲ್ಲಿ ಹೆಂಗಸರೇ ನಡೆಸುವ ರೊಟ್ಟಿ ಕೇಂದ್ರಗಳಿವೆ. ಕಟಕ ರೊಟ್ಟಿ, ಹೋಳಿಗಿ, ಹಿಂಡಿ ಎಲ್ಲ ಹೇಳಿದಷ್ಟು ಕಟ್ಟಿ ಕೊಡುತ್ತಾರೆ. ಕೊಂಡ ರೊಟ್ಟಿಯಿಂದ ಚರಗ ಚೆಲ್ಲುವುದೇ ಎಂದು ಹಿರಿಯರು ಗೊಣಗುತ್ತಾರೆ. ಗೊಣಗಲಿ. ಸೊಸೆಯೂ ಬದುವಿನ ಮೇಲೆ ಕಾಲು ಚಾಚಿ ಕೂರುವಂತಾದರೆ ಹೊಲವೇನೂ ಮುನಿಸಿಕೊಳ್ಳಲಿಕ್ಕಿಲ್ಲ. ಆದರೆ ಹಬ್ಬದ ಹಿಂದಿನ ರಾತ್ರಿ ಆರ್ಡರು ಮುಗಿಸಲು ಆ ಕೇಂದ್ರಗಳಲ್ಲಿ ಎದ್ದಿರುವ ಕೈಗಳಿಗೆ ಅಮಾಸಿ ಯಾವತ್ತು? ಇದಕ್ಕೆ ಉತ್ತರ ನನ್ನಲ್ಲಿಲ್ಲ, ಪಂಚಾಂಗದಲ್ಲೂ ಇಲ್ಲ.